ಮನೆಯ ಕಂಪ್ಯೂಟರಿನಿಂದ ಆಂಟಿವೈರಸ್ಸನ್ನು ಬೇರುಸಹಿತ ತೆಗೆಯುವ ಕ್ರಮ

ಹೊಸ ಲ್ಯಾಪ್‌ಟಾಪಿನ ಜೊತೆಗೇ ಬಂದಿದ್ದ ಆಂಟಿವೈರಸ್ಸಿನ ಉಚಿತ ಅವಧಿ ಮುಗಿದಿರುತ್ತದೆ, ಇಲ್ಲವೇ ಅಂಗಡಿಯವರು ಹಾಕಿಕೊಟ್ಟಿದ್ದರ ವಾಯಿದೆ ತೀರಿರುತ್ತದೆ. ಬೇಡವೆಂದು ತೆಗೆದುಹಾಕಿದ ಮೇಲೂ ಪರದೆಯ ಮೂಲೆಯಲ್ಲಿ ಎಚ್ಚರಿಕೆಗಳು ಬರುತ್ತವೆ, ಕಂಪ್ಯೂಟರ್ ಹಿಂದಿಗಿಂತ ನಿಧಾನವಾಗುತ್ತದೆ, ಕೆಲವರಿಗೆ ಇಂಟರ್ನೆಟ್ಟೇ ನಿಂತುಹೋಗುತ್ತದೆ. ಪೂರ್ತಿಯಾಗಿ ತೆಗೆಯುವುದು ಹೇಗೆ ಎಂಬ ಪ್ರಶ್ನೆ ಒಂದಲ್ಲ ಒಂದು ರೂಪದಲ್ಲಿ ಓದುಗರಿಂದ ಮತ್ತೆ ಮತ್ತೆ ಬರುತ್ತಿರುವುದರಿಂದ ಇಡೀ ಕ್ರಮವನ್ನು ಒಂದೇ ಕಡೆ ಬರೆದಿಡುತ್ತಿದ್ದೇನೆ. ವಿವರಣೆ ವಿಂಡೋಸ್ 10 ಮತ್ತು ವಿಂಡೋಸ್ 11ಕ್ಕೆ ಸಂಬಂಧಿಸಿದ್ದು. ಒಂದು ಗಂಟೆಯ ಬಿಡುವು ಮಾಡಿಕೊಳ್ಳಿ. ಅದರಲ್ಲಿ ಅರ್ಧದಷ್ಟು ಸಿದ್ಧತೆಗೇ ಹೋಗುತ್ತದೆ, ಹೋಗಲೂಬೇಕು.

ಮೊದಲು ಒಂದು ಮಾತು ತಿಳಿದಿರಬೇಕು. ಆಂಟಿವೈರಸ್ ಎಂಬುದು ಚಿತ್ರ ತಿದ್ದುವ ಅಥವಾ ಲೆಕ್ಕ ಬರೆಯುವ ತಂತ್ರಾಂಶದಂತೆ ವಿಂಡೋಸಿನ ಮೇಲ್ಪದರದಲ್ಲಿ ಕುಳಿತು ಕೆಲಸ ಮಾಡುವಂಥದ್ದಲ್ಲ. ನೀವು ಯಾವುದೇ ಕಡತವನ್ನು ತೆರೆಯುವ ಮೊದಲು ತಾನು ಅದನ್ನು ನೋಡಬೇಕಾದ್ದರಿಂದ, ಅದು ಕರ್ನೆಲ್ಲಿನಲ್ಲಿ, ಅಂದರೆ ಯಂತ್ರವನ್ನು ನೇರವಾಗಿ ಆಳುವ ವಿಂಡೋಸಿನ ತೀರಾ ಒಳಭಾಗದಲ್ಲಿ, ಡ್ರೈವರ್ ಎಂಬ ತನ್ನ ಕಾವಲುಗಾರರನ್ನು ನಿಲ್ಲಿಸುತ್ತದೆ. ಆ ಜಾಗದಲ್ಲಿ ಏನಾದರೂ ಎಡವಟ್ಟಾದರೆ ಪರಿಣಾಮ ಎಷ್ಟು ದೊಡ್ಡದೆಂಬುದನ್ನು 2024ರ ಜುಲೈ 19ರಂದು ಜಗತ್ತೇ ನೋಡಿತು: ಕ್ರೌಡ್‌ಸ್ಟ್ರೈಕ್ ಎಂಬ ಕಂಪನಿಯ ಭದ್ರತಾ ತಂತ್ರಾಂಶದ ಒಂದೇ ಒಂದು ದೋಷಪೂರಿತ ಅಪ್‌ಡೇಟ್‌ನಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ನಿಂತವು. ಇದಲ್ಲದೆ, ವೈರಸ್ಸುಗಳು ತನ್ನನ್ನೇ ಕಿತ್ತೆಸೆಯದಂತೆ ಆಂಟಿವೈರಸ್ ತನ್ನ ಕಡತಗಳಿಗೆ ಬೀಗ ಹಾಕಿಕೊಂಡಿರುತ್ತದೆ. ಕೀಳಲು ಬಂದವರು ವೈರಸ್ಸೋ ಮನೆಯ ಯಜಮಾನರೋ ಎಂಬುದು ಅದಕ್ಕೆ ತಿಳಿಯುವುದಿಲ್ಲ. ಆದ್ದರಿಂದ ಇಲ್ಲಿ ಬಲಕ್ಕಿಂತ ಕ್ರಮ ಮುಖ್ಯ.

ಹಾಗೆಯೇ ಎಂದಿಗೂ ಮಾಡಬಾರದ ಕೆಲಸವನ್ನೂ ಮೊದಲೇ ಹೇಳಿಬಿಡುತ್ತೇನೆ. ಸಿ ಡ್ರೈವಿನ ಪ್ರೋಗ್ರಾಂ ಫೈಲ್ಸ್ ಒಳಗೆ ಹೋಗಿ ಆಂಟಿವೈರಸ್ಸಿನ ಫೋಲ್ಡರನ್ನು ಕೈಯಿಂದ ಅಳಿಸಬೇಡಿ. ಅಳಿಸಲು ಸಿಗುವ ಕಡತಗಳಲ್ಲಿ ಅದನ್ನು ತೆಗೆಯಬೇಕಾದ ಅನ್‌ಇನ್‌ಸ್ಟಾಲರೂ ಇರುತ್ತದೆ; ಡ್ರೈವರುಗಳು ಮಾತ್ರ ಬೇರೆಲ್ಲೋ ಇದ್ದು ಹಾಗೆಯೇ ಉಳಿದುಕೊಳ್ಳುತ್ತವೆ. ಮೇಲಿನ ಗರಿಕೆ ಕಿತ್ತು ಗೆಡ್ಡೆ ಬಿಟ್ಟಂತಾಗುತ್ತದೆ.

1. ಏನೇನು ಇದೆಯೆಂದು ಪಟ್ಟಿ ಮಾಡಿ

ಸ್ಟಾರ್ಟ್ ಮೆನುವಿನಲ್ಲಿ ವಿಂಡೋಸ್ ಸೆಕ್ಯುರಿಟಿ ತೆರೆಯಿರಿ, ಸೆಟ್ಟಿಂಗ್ಸ್‌ಗೆ ಹೋಗಿ ಮ್ಯಾನೇಜ್ ಪ್ರೊವೈಡರ್ಸ್ ಎಂಬುದನ್ನು ಒತ್ತಿರಿ. ಕಂಪ್ಯೂಟರ್ ಕಾಯುವ ಹೊಣೆ ಈಗ ಯಾರದು ಎಂಬುದು ಅಲ್ಲಿ ತೋರುತ್ತದೆ. ಬಳಿಕ ಸೆಟ್ಟಿಂಗ್ಸ್, ಆ್ಯಪ್ಸ್, ಇನ್‌ಸ್ಟಾಲ್ಡ್ ಆ್ಯಪ್ಸ್ ಎಂಬ ದಾರಿಯಲ್ಲಿ ಹೋಗಿ. ವಿಂಡೋಸ್ 10ರಲ್ಲಿ ಕೊನೆಯದರ ಹೆಸರು ಆ್ಯಪ್ಸ್ ಆ್ಯಂಡ್ ಫೀಚರ್ಸ್. ಅದೇ ಕಂಪನಿಯ ಹೆಸರಿನಲ್ಲಿರುವ ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಮೆಕಾಫಿಯ ಜೊತೆ ವೆಬ್‌ಅಡ್ವೈಸರ್, ಅವಾಸ್ಟ್‌ನ ಜೊತೆ ಸೆಕ್ಯೂರ್ ಬ್ರೌಸರ್ ಮತ್ತು ಕ್ಲೀನಪ್ ಬೇರೆ ಬೇರೆ ಹೆಸರಿನಲ್ಲಿ ಕುಳಿತಿರುವುದುಂಟು. ಮುಖ್ಯವಾದದ್ದನ್ನು ತೆಗೆದರೆ ಇವು ತಾವಾಗಿ ಹೋಗುವುದಿಲ್ಲ.

ನೀವು ಹಾಕದೇ ಇದ್ದದ್ದೂ ಸಿಕ್ಕೀತು. ಅಮೆರಿಕದಲ್ಲಿರುವ ಕನ್ನಡಿಗರು ಇದನ್ನು ವಿಶೇಷವಾಗಿ ಗಮನಿಸಬೇಕು: ಅಲ್ಲಿನ ಸರ್ಕಾರ ಕ್ಯಾಸ್ಪರ್‌ಸ್ಕಿ ಎಂಬ ಆಂಟಿವೈರಸ್ಸನ್ನು ನಿಷೇಧಿಸಿದ ಬಳಿಕ, 2024ರ ಸೆಪ್ಟೆಂಬರಿನಲ್ಲಿ ಅನೇಕ ಗ್ರಾಹಕರ ಕಂಪ್ಯೂಟರುಗಳಿಗೆ ಅಲ್ಟ್ರಾಎವಿ ಎಂಬ ಬೇರೆಯೇ ಆಂಟಿವೈರಸ್ ತಾನಾಗಿ ಬಂದು ಸೇರಿತು.

2. ಅದರೊಳಗಿರುವ ನಿಮ್ಮ ವಸ್ತುಗಳನ್ನು ಹೊರತೆಗೆಯಿರಿ

ಹೆಚ್ಚಿನವರು ಬಿಟ್ಟುಬಿಡುವ ಹಂತ ಇದು, ತಪ್ಪಿದರೆ ತಿದ್ದಿಕೊಳ್ಳಲಾಗದ ಹಂತವೂ ಇದೇ. ಈಗಿನ ಆಂಟಿವೈರಸ್ಸುಗಳು ವೈರಸ್ ಹಿಡಿಯುವುದಷ್ಟಕ್ಕೇ ನಿಲ್ಲದೆ ನಿಮ್ಮ ಪಾಸ್‌ವರ್ಡುಗಳನ್ನೂ ಗುಟ್ಟಿನ ಕಡತಗಳನ್ನೂ ತಮ್ಮಲ್ಲಿ ಇಟ್ಟುಕೊಳ್ಳುತ್ತವೆ. ಮೂರು ಜಾಗಗಳನ್ನು ನೋಡಿ.

ಮೊದಲನೆಯದು ವಾಲ್ಟ್, ಅಂದರೆ ಪಾಸ್‌ವರ್ಡ್ ಹಾಕಿ ಕಡತಗಳನ್ನು ಗೂಢಲಿಪಿಯಲ್ಲಿ ಮುಚ್ಚಿಡುವ ಪೆಟ್ಟಿಗೆ. ಆಧಾರ್ ಪ್ರತಿ, ಪಹಣಿ, ಮಕ್ಕಳ ಅಂಕಪಟ್ಟಿಗಳನ್ನು ಇದರಲ್ಲಿಟ್ಟು ಮರೆತವರಿದ್ದಾರೆ. ಆಂಟಿವೈರಸ್ ಹೋದ ಮೇಲೆ ಆ ಪೆಟ್ಟಿಗೆ ತೆರೆಯುವ ಸಾಧನವೇ ಕಂಪ್ಯೂಟರಿನಲ್ಲಿ ಇರುವುದಿಲ್ಲ. ಆದ್ದರಿಂದ ವಾಲ್ಟ್ ತೆರೆದು, ಒಳಗಿನದನ್ನೆಲ್ಲ ಸಾಮಾನ್ಯ ಫೋಲ್ಡರಿಗೆ ನಕಲಿಸಿ, ಒಂದೆರಡು ಕಡತಗಳನ್ನು ನಿಜವಾಗಿ ತೆರೆದು ನೋಡಿ ಖಚಿತಪಡಿಸಿಕೊಳ್ಳಿ. ಎರಡನೆಯದು ಪಾಸ್‌ವರ್ಡ್ ಮ್ಯಾನೇಜರ್. ಅದರಲ್ಲಿ ಎಕ್ಸ್‌ಪೋರ್ಟ್ ಎಂಬ ಆಯ್ಕೆಯಿರುತ್ತದೆ. ಹಾಗೆ ಹೊರಬರುವ ಕಡತದಲ್ಲಿ ಪಾಸ್‌ವರ್ಡುಗಳು ಸಾಮಾನ್ಯವಾಗಿ ಬರಿಗಣ್ಣಿಗೆ ಕಾಣುವಂತೆ ಇರುವುದರಿಂದ, ಬೇರೆ ಮ್ಯಾನೇಜರಿಗೆ ಸೇರಿಸಿದ ಕೂಡಲೇ ಅದನ್ನು ಅಳಿಸಿ, ರೀಸೈಕಲ್ ಬಿನ್ನನ್ನೂ ಖಾಲಿ ಮಾಡಿ. ಮೂರನೆಯದು ಕ್ವಾರಂಟೈನ್, ಅನುಮಾನದ ಮೇಲೆ ಬೇರೆ ಇಟ್ಟ ಕಡತಗಳ ಕೊಠಡಿ; ಕೊರೊನಾ ಕಾಲದ ಬಳಿಕ ಈ ಪದವನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿ ನಿಮಗೆ ಖಂಡಿತ ಗೊತ್ತಿರುವ, ತಪ್ಪಾಗಿ ಸಿಕ್ಕಿಬಿದ್ದ ಕಡತವಿದ್ದರೆ ಮಾತ್ರ ಮರಳಿ ಪಡೆಯಿರಿ. ಉಳಿದದ್ದನ್ನು ಅಲ್ಲಿಂದಲೇ ಅಳಿಸಿ.

3. ಪರವಾನಗಿ ಮತ್ತು ಚಂದಾ

ತಂತ್ರಾಂಶ ತೆಗೆಯುವುದು ಬೇರೆ, ಚಂದಾ ನಿಲ್ಲಿಸುವುದು ಬೇರೆ. ಆಂಟಿವೈರಸ್ ಹೋಗಿ ವರ್ಷವಾದ ಮೇಲೂ ಕಾರ್ಡಿನಿಂದ ಹಣ ಕಡಿತವಾಗಬಹುದು, ಏಕೆಂದರೆ ಕೊಂಡಾಗ ನೀವು ಒಪ್ಪಿದ್ದ ಆಟೊ ರಿನ್ಯೂವಲ್ ಕಂಪನಿಯ ಜಾಲತಾಣದಲ್ಲಿರುವ ನಿಮ್ಮ ಖಾತೆಗೆ ಸೇರಿದ್ದು, ಕಂಪ್ಯೂಟರಿಗೆ ಸೇರಿದ್ದಲ್ಲ. ಆ ಖಾತೆಗೆ ಲಾಗಿನ್ ಆಗಿ ಅದನ್ನು ನಿಲ್ಲಿಸಿ; ಯುಪಿಐ ಆಟೊಪೇ ಮೂಲಕ ಕೊಂಡಿದ್ದರೆ ನಿಮ್ಮ ಯುಪಿಐ ಆ್ಯಪಿನಲ್ಲಿಯೂ ಆ ಮ್ಯಾಂಡೇಟನ್ನು ರದ್ದುಮಾಡಿ. ರಿಸರ್ವ್ ಬ್ಯಾಂಕಿನ ನಿಯಮದಂತೆ ಇಂತಹ ಕಡಿತಕ್ಕೆ ಕನಿಷ್ಠ 24 ಗಂಟೆ ಮೊದಲು ಮುನ್ಸೂಚನೆ ಬರಬೇಕು. ಆ ಎಸ್‌ಎಂಎಸ್ಸನ್ನು ಜಾಹೀರಾತೆಂದು ಓದದೆ ಬಿಡಬೇಡಿ.

ಪುಣೆಯ ಕ್ವಿಕ್ ಹೀಲ್, ಚೆನ್ನೈನ ಕೆ7 ಮೊದಲಾದವುಗಳನ್ನು ನಮ್ಮಲ್ಲಿ ಪೆಟ್ಟಿಗೆಯಲ್ಲಿಯೇ ಕೊಳ್ಳುವುದು ವಾಡಿಕೆ. ವಾಯಿದೆ ಇನ್ನೂ ಉಳಿದಿದ್ದು, ಮುಂದೆ ಬೇರೆ ಕಂಪ್ಯೂಟರಿಗೆ ಹಾಕುವ ಇರಾದೆಯಿದ್ದರೆ ಪ್ರಾಡಕ್ಟ್ ಕೀಯನ್ನು ಬರೆದಿಟ್ಟುಕೊಳ್ಳಿ, ತೆಗೆಯುವಾಗ ಇಂಟರ್ನೆಟ್ ಸಂಪರ್ಕ ಇರಲಿ. ಈ ಕಂಪ್ಯೂಟರಿನಿಂದ ಪರವಾನಗಿ ಬಿಡುಗಡೆಯಾಗಿದೆ ಎಂದು ಕಂಪನಿಯ ಸರ್ವರಿಗೆ ತಿಳಿಯುವುದು ಆ ಸಂಪರ್ಕದ ಮೂಲಕವೇ.

4. ಸೇಫ್ ಮೋಡಿನ ಸಿದ್ಧತೆ

ಸೇಫ್ ಮೋಡ್ ಎಂದರೆ ಅತ್ಯಗತ್ಯ ಭಾಗಗಳಷ್ಟನ್ನೇ ಎಬ್ಬಿಸಿ ವಿಂಡೋಸ್ ಚಾಲೂ ಆಗುವ ವಿಧಾನ. ಎಲ್ಲರಿಗೂ ಅದು ಬೇಕಾಗುವುದಿಲ್ಲ. ಬೇಕಾದವರು ಮಾತ್ರ ಸಿದ್ಧತೆಯಿಲ್ಲದೆ ಹೋದರೆ ಹೊರಬರಲಾಗದೆ ಒದ್ದಾಡುತ್ತಾರೆ. ಈಗಿನ ಲ್ಯಾಪ್‌ಟಾಪುಗಳಲ್ಲಿ ಡಿಸ್ಕು ಬಿಟ್‌ಲಾಕರ್ ಎಂಬ ಗೂಢಲಿಪಿಯಲ್ಲಿ ಮುಚ್ಚಿಕೊಂಡಿರುವ ಸಾಧ್ಯತೆ ಹೆಚ್ಚು. ಸೇಫ್ ಮೋಡಿಗೆ ಹೋಗುವಾಗ ಅದು 48 ಅಂಕಿಗಳ ರಿಕವರಿ ಕೀ ಕೇಳಬಹುದು. ಆ ಕೀ ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ. ಫೋನಿನಿಂದ ಖಾತೆಗೆ ಹೋಗಿ, ಅದು ಇದೆಯೇ ಎಂದು ಈಗಲೇ ನೋಡಿ, ಕಾಗದದ ಮೇಲೆ ಬರೆದುಕೊಳ್ಳಿ. ಇನ್ನೊಂದು ಸಂಗತಿ: ದಿನವೂ ಬಳಸುವ ನಾಲ್ಕಂಕಿಯ ಪಿನ್ ಸೇಫ್ ಮೋಡಿನಲ್ಲಿ ಕೈಕೊಡುವುದುಂಟು, ಆಗ ಖಾತೆಯ ನಿಜವಾದ ಪಾಸ್‌ವರ್ಡೇ ಬೇಕು.

ಸೇಫ್ ಮೋಡಿಗೆ ಹೋಗಲು ಶಿಫ್ಟ್ ಕೀಲಿಯನ್ನು ಒತ್ತಿ ಹಿಡಿದು ರೀಸ್ಟಾರ್ಟ್ ಒತ್ತಿ, ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್ ಎಂಬ ದಾರಿಯಲ್ಲಿ ಸಾಗಿ, ಮತ್ತೆ ರೀಸ್ಟಾರ್ಟ್ ಒತ್ತಿ, ಬರುವ ಪಟ್ಟಿಯಲ್ಲಿ 4ನ್ನು ಒತ್ತಬೇಕು. ಇಂಟರ್ನೆಟ್ ಸಹಿತ ಬೇಕೆಂದರೆ 5. ಸಿಸ್ಟಮ್ ಕಾನ್ಫಿಗರೇಶನ್ನಿನಲ್ಲಿ ಸೇಫ್ ಬೂಟ್ ಎಂಬಲ್ಲಿ ಗುರುತು ಹಾಕುವ ಇನ್ನೊಂದು ದಾರಿಯೂ ಇದೆ. ಅದನ್ನು ಹಿಡಿಯಬೇಡಿ. ಆ ಗುರುತನ್ನು ನೀವೇ ತೆಗೆಯುವ ತನಕ ಕಂಪ್ಯೂಟರ್ ಪ್ರತಿ ಸಲವೂ ಸೇಫ್ ಮೋಡಿಗೇ ಹೋಗುತ್ತದೆ, ಪಾಸ್‌ವರ್ಡ್ ನೆನಪಿಲ್ಲದಿದ್ದರೆ ಅಲ್ಲಿಯೇ ಸಿಕ್ಕಿಕೊಳ್ಳುತ್ತೀರಿ.

5. ಅನ್‌ಇನ್‌ಸ್ಟಾಲ್ ಮಾಡಿ

ಈ ಹಂತವನ್ನು ಸೇಫ್ ಮೋಡಿನಲ್ಲಲ್ಲ, ಎಂದಿನ ವಿಂಡೋಸಿನಲ್ಲೇ ಮಾಡಬೇಕು. ವಿಂಡೋಸ್ ಇನ್‌ಸ್ಟಾಲರ್ ಸೇವೆ ಸೇಫ್ ಮೋಡಿನಲ್ಲಿ ಸಾಮಾನ್ಯವಾಗಿ ಓಡುವುದಿಲ್ಲವಾದ್ದರಿಂದ ಅಲ್ಲಿ ಅನೇಕ ಅನ್‌ಇನ್‌ಸ್ಟಾಲರುಗಳು ಅರ್ಧಕ್ಕೇ ನಿಲ್ಲುತ್ತವೆ. ಕಂಪ್ಯೂಟರಿನ ಅಡ್ಮಿನಿಸ್ಟ್ರೇಟರ್ ಖಾತೆಯಿಂದ ಲಾಗಿನ್ ಆಗಿ, ತೆರೆದಿರುವ ಕೆಲಸಗಳನ್ನೆಲ್ಲ ಮುಚ್ಚಿ, ಇನ್‌ಸ್ಟಾಲ್ಡ್ ಆ್ಯಪ್ಸ್ ಪಟ್ಟಿಯಲ್ಲಿ ಹೆಸರಿನ ಮುಂದಿರುವ ಮೂರು ಚುಕ್ಕಿಗಳನ್ನು ಒತ್ತಿ ಅನ್‌ಇನ್‌ಸ್ಟಾಲ್ ಆರಿಸಿ. ಲ್ಯಾಪ್‌ಟಾಪ್ ಆದರೆ ಚಾರ್ಜರ್ ಸಿಕ್ಕಿಸಿರಲಿ.

ಮುಂದೆ ಬರುವ ಪರದೆಗಳನ್ನು ಓದದೆ ನೆಕ್ಸ್ಟ್ ಒತ್ತಬೇಡಿ. ಹೋಗುತ್ತಿರುವ ಗ್ರಾಹಕನನ್ನು ಉಳಿಸಿಕೊಳ್ಳುವ ಯತ್ನವೆಲ್ಲ ಅಲ್ಲಿ ನಡೆಯುತ್ತದೆ: ದೊಡ್ಡ ಹಸಿರು ಗುಂಡಿಯಲ್ಲಿ ರಿಯಾಯಿತಿ, ಸಣ್ಣ ಬೂದು ಅಕ್ಷರಗಳಲ್ಲಿ ಅನ್‌ಇನ್‌ಸ್ಟಾಲ್. ಇದಕ್ಕಿಂತ ಮುಖ್ಯವಾದ ಆಯ್ಕೆಯೂ ಕೆಲವೆಡೆ ಇರುತ್ತದೆ. ಕ್ವಿಕ್ ಹೀಲ್ ತೆಗೆಯುವಾಗ, ಅಪ್‌ಡೇಟ್ ಕಡತಗಳನ್ನು ಉಳಿಸಿಕೊಂಡು ತೆಗೆಯಬೇಕೋ, ಪೂರ್ತಿಯಾಗಿ ತೆಗೆಯಬೇಕೋ ಎಂದು ಕೇಳುತ್ತದೆ. ಮೊದಲನೆಯದು ಮರಳಿ ಹಾಕುವವರಿಗೆ, ನಿಮಗೆ ಬೇಕಾದದ್ದು ಎರಡನೆಯದು. ಹಿಂದೆಂದೋ ಸೆಟ್ಟಿಂಗಿಗೆ ಪಾಸ್‌ವರ್ಡ್ ಹಾಕಿದ್ದರೆ ಅದನ್ನೂ ಕೇಳೀತು. ಹಾಕಿದ್ದು ಅಂಗಡಿಯವರಾದರೆ ಅವರಿಗೊಂದು ಫೋನ್ ಮಾಡಬೇಕಾಗುತ್ತದೆ. ಅಕ್ಸೆಸ್ ಡಿನೈಡ್ ಎಂದು ಬಂದರೆ, ಆಂಟಿವೈರಸ್ಸಿನ ಸೆಟ್ಟಿಂಗಿನಲ್ಲಿ ಸೆಲ್ಫ್ ಡಿಫೆನ್ಸ್ ಅಥವಾ ಸೆಲ್ಫ್ ಪ್ರೊಟೆಕ್ಷನ್ ಎಂಬ ಸ್ವರಕ್ಷಣೆಯ ಗುರುತನ್ನು ತೆಗೆದು ಮತ್ತೆ ಯತ್ನಿಸಿ.

ಪಟ್ಟಿಯಲ್ಲಿ ಬರೆದುಕೊಂಡ ಉಳಿದ ಹೆಸರುಗಳನ್ನೂ ಹೀಗೆಯೇ ತೆಗೆಯಿರಿ.

6. ರೀಸ್ಟಾರ್ಟ್, ಶಟ್‌ಡೌನ್ ಅಲ್ಲ

ಶಟ್‌ಡೌನ್ ಮಾಡಿ ಮತ್ತೆ ಆನ್ ಮಾಡಿದರೂ ಅದೇ ತಾನೆ ಎಂದುಕೊಳ್ಳುವವರು ಬಹಳ. ಅದೇ ಅಲ್ಲ. ವಿಂಡೋಸ್ 8ರಿಂದೀಚೆಗೆ ಫಾಸ್ಟ್ ಸ್ಟಾರ್ಟಪ್ ಎಂಬ ಸೌಲಭ್ಯವಿದ್ದು, ಅದು ಶಟ್‌ಡೌನ್ ಮಾಡುವಾಗ ಕರ್ನೆಲ್ಲಿನ ಸ್ಥಿತಿಯನ್ನು ಡಿಸ್ಕಿನಲ್ಲಿ ಉಳಿಸಿ, ಮರುದಿನ ಅದನ್ನೇ ಎಬ್ಬಿಸುತ್ತದೆ. ಅಳಿಸಬೇಕೆಂದು ಗುರುತು ಹಾಕಿದ ಡ್ರೈವರುಗಳು ನಿಜವಾಗಿ ಇಳಿಯುವುದು ರೀಸ್ಟಾರ್ಟ್ ಮಾಡಿದಾಗ ಮಾತ್ರ.

7. ಹೋಗಿದೆಯೇ ಎಂದು ಪರೀಕ್ಷಿಸಿ

ಮ್ಯಾನೇಜ್ ಪ್ರೊವೈಡರ್ಸ್ ಪುಟವನ್ನು ಮತ್ತೆ ತೆರೆಯಿರಿ. ವಿಂಡೋಸಿನ ಜೊತೆಗೇ ಬರುವ ಮೈಕ್ರೋಸಾಫ್ಟ್ ಡಿಫೆಂಡರ್ ಆಂಟಿವೈರಸ್ ಆನ್ ಆಗಿದ್ದು, ಹಳೆಯ ಹೆಸರು ಅಲ್ಲಿಲ್ಲದಿದ್ದರೆ ಮುಕ್ಕಾಲು ಭಾಗ ಮುಗಿದಂತೆ. ಉಳಿದ ಕಾಲು ಭಾಗವನ್ನು ಕಣ್ಣಾರೆ ನೋಡಲು ಒಂದು ದಾರಿಯಿದೆ, ನನಗೆ ಇದರ ಮೇಲೇ ಹೆಚ್ಚು ಭರವಸೆ. ಸ್ಟಾರ್ಟ್ ಮೆನುವಿನಲ್ಲಿ ಕಮಾಂಡ್ ಪ್ರಾಂಪ್ಟ್ ಹುಡುಕಿ, ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್ ಆರಿಸಿ ತೆರೆದು, ಎಫ್, ಎಲ್, ಟಿ, ಎಂ, ಸಿ ಎಂಬ ಐದು ಇಂಗ್ಲಿಷ್ ಅಕ್ಷರಗಳನ್ನು ಜೊತೆಯಾಗಿ ಟೈಪ್ ಮಾಡಿ ಎಂಟರ್ ಒತ್ತಿ. ಕಡತಗಳ ದಾರಿಯಲ್ಲಿ ನಿಂತಿರುವ ಡ್ರೈವರುಗಳ ಪಟ್ಟಿ ಬರುತ್ತದೆ, ಪ್ರತಿಯೊಂದರ ಮುಂದೆ ಆಲ್ಟಿಟ್ಯೂಡ್ ಎಂಬ ಸಂಖ್ಯೆಯಿರುತ್ತದೆ. ಈ ಎತ್ತರಗಳನ್ನು ಹಂಚುವುದು ಮೈಕ್ರೋಸಾಫ್ಟ್, ಆಂಟಿವೈರಸ್ಸುಗಳಿಗೆ ಮೀಸಲಾದ ಶ್ರೇಣಿ ಶುರುವಾಗುವುದು 320000ರಿಂದ. ಆದ್ದರಿಂದ 32ರಿಂದ ಶುರುವಾಗುವ ಆರಂಕಿಯ ಸಂಖ್ಯೆಗಳನ್ನಷ್ಟೇ ನೋಡಿ. 328010 ಎಂದಿರುವುದು ಡಿಫೆಂಡರಿನ ಡ್ರೈವರ್, ಅದು ಇರಬೇಕಾದದ್ದೇ. ಅದರ ಅಕ್ಕಪಕ್ಕದಲ್ಲಿ ಇನ್ನೊಂದು ಕಂಡರೆ ಹಳೆಯ ಆಂಟಿವೈರಸ್ ಇನ್ನೂ ಬಾಗಿಲಲ್ಲೇ ನಿಂತಿದೆ ಎಂದು ಅರ್ಥ.

ಎರಡೂ ಪರೀಕ್ಷೆಗಳು ಸರಿಬಂದವರು 8ನೆಯ ಹಂತವನ್ನು ಬಿಟ್ಟು ಮುಂದೆ ಹೋಗಬಹುದು.

8. ತಯಾರಕರದೇ ತೆಗೆಯುವ ಸಾಧನ

ತಮ್ಮ ಅನ್‌ಇನ್‌ಸ್ಟಾಲರ್ ಸೋಲುತ್ತದೆಂಬುದು ಕಂಪನಿಗಳಿಗೇ ಗೊತ್ತಿರುವುದರಿಂದ ಹೆಚ್ಚಿನವರು ಪ್ರತ್ಯೇಕ ರಿಮೂವಲ್ ಟೂಲ್ ಕೊಡುತ್ತಾರೆ. ಅದನ್ನು ಆಯಾ ಕಂಪನಿಯ ಸ್ವಂತ ಜಾಲತಾಣದಿಂದಲೇ ಇಳಿಸಿಕೊಳ್ಳಿ. ಹುಡುಕಿದಾಗ ಎಲ್ಲಕ್ಕಿಂತ ಮೇಲೆ ಬರುವುದು ಅನೇಕ ವೇಳೆ ಜಾಹೀರಾತು, ಅದು ಎಲ್ಲಿಗೆ ಒಯ್ಯುತ್ತದೋ ಹೇಳಲಾಗದು. ಹಿಂದೆ ಇಳಿಸಿಟ್ಟ ಹಳೆಯ ಪ್ರತಿಯನ್ನು ಬಳಸದೆ ಪ್ರತಿ ಸಲವೂ ಹೊಸದನ್ನು ಪಡೆಯಿರಿ. ಒಂದೊಂದಕ್ಕೆ ಒಂದೊಂದು ಸ್ವಭಾವ.

ಮೆಕಾಫಿಯ ಸಾಧನದ ಹೆಸರು ಎಂಸಿಪಿಆರ್. ನಡುವೆ ಒಂದು ಚಿತ್ರದಲ್ಲಿರುವ ಅಕ್ಷರಗಳನ್ನು ಟೈಪ್ ಮಾಡಲು ಹೇಳುತ್ತದೆ. ದೊಡ್ಡಕ್ಷರ, ಚಿಕ್ಕಕ್ಷರಗಳನ್ನು ಇದ್ದಂತೆಯೇ ಬರೆಯಬೇಕು.

ನಾರ್ಟನ್‌ನ ಸಾಧನದ ಹೆಸರಿನಲ್ಲಿಯೇ ತೊಡಕಿದೆ: ರಿಮೂವ್ ಆ್ಯಂಡ್ ರೀಇನ್‌ಸ್ಟಾಲ್. ಸುಮ್ಮನೆ ಮುಂದುವರಿದರೆ ಅದು ತೆಗೆದು ಮತ್ತೆ ಹಾಕಿಯೇ ಬಿಡುತ್ತದೆ. ಅಡ್ವಾನ್ಸ್ಡ್ ಆಪ್ಷನ್ಸ್ ಒತ್ತಿ ರಿಮೂವ್ ಓನ್ಲಿ ಎಂಬುದನ್ನು ಆರಿಸಿಕೊಳ್ಳಬೇಕು.

ಅವಾಸ್ಟ್ ಕ್ಲಿಯರ್ ಎಂಬುದನ್ನು ಸೇಫ್ ಮೋಡಿನಲ್ಲಿ ಓಡಿಸಬೇಕು. ಆಂಟಿವೈರಸ್ ಯಾವ ಫೋಲ್ಡರಿನಲ್ಲಿದೆ ಎಂದು ಅದು ತೋರಿಸುತ್ತದೆ, ಬದಲಿಸಲೂ ಬಿಡುತ್ತದೆ. ಇಲ್ಲಿ ಕೈ ತಪ್ಪಬಾರದು. ನೀವು ತೋರಿಸಿದ ಫೋಲ್ಡರಿನಲ್ಲಿ ಏನಿದ್ದರೂ ಅಳಿಸಿಹೋಗುತ್ತದೆ. ಡಾಕ್ಯುಮೆಂಟ್ಸ್ ತೋರಿಸಿದರೆ ಡಾಕ್ಯುಮೆಂಟ್ಸೇ ಹೋಯಿತು. ಅದು ತಾನಾಗಿ ತೋರಿಸಿದ್ದನ್ನು ಹಾಗೆಯೇ ಬಿಡಿ.

ಕ್ಯಾಸ್ಪರ್‌ಸ್ಕಿಯದು ಕೆಎವಿರಿಮೂವರ್, ಪಟ್ಟಿಯಲ್ಲಿ ಎರಡು ಹೆಸರು ಬಂದರೆ ಒಂದನ್ನು ತೆಗೆದು ರೀಸ್ಟಾರ್ಟ್ ಮಾಡಿ ಆಮೇಲೆ ಇನ್ನೊಂದು. ಈಸೆಟ್‌ನದು ಸೇಫ್ ಮೋಡಿನಲ್ಲಿ ಮಾತ್ರ ಓಡುತ್ತದೆ. ಬಿಟ್‌ಡಿಫೆಂಡರ್ ಬೇರೆ ಬೇರೆ ಆವೃತ್ತಿಗಳಿಗೆ ಬೇರೆ ಬೇರೆ ಸಾಧನ ಕೊಡುತ್ತದೆ. ಇವನ್ನೆಲ್ಲ ಸೇಫ್ ಮೋಡಿಗೆ ಹೋಗುವ ಮೊದಲೇ ಡೆಸ್ಕ್‌ಟಾಪಿಗೆ ಇಳಿಸಿಟ್ಟುಕೊಳ್ಳಿ.

ಸಾಧನ ಕೆಲಸ ಮಾಡಲಿಲ್ಲವೆಂದು ರಿಜಿಸ್ಟ್ರಿ ಕ್ಲೀನರುಗಳ ಮೊರೆಹೋಗುವುದು ಬೇಡ. ರಿಜಿಸ್ಟ್ರಿಯೆಂದರೆ ವಿಂಡೋಸಿನ ಸಮಸ್ತ ಹೊಂದಾಣಿಕೆಗಳ ಕಡತ. ಅಂದಾಜಿನ ಮೇಲೆ ಅದರಲ್ಲಿ ಕೈಯಾಡಿಸುವವರಿಂದ ಆಗುವ ಹಾನಿ, ಉಳಿದುಹೋದ ನಾಲ್ಕು ಸಾಲುಗಳಿಂದ ಆಗುವ ಹಾನಿಗಿಂತ ಹೆಚ್ಚು. ಇದಕ್ಕಿಂತ ಮೇಲು, ಅದೇ ಆಂಟಿವೈರಸ್ಸನ್ನು ಅದೇ ಜಾಗಕ್ಕೆ ಹೊಸದಾಗಿ ಹಾಕಿ, ಕೆಟ್ಟುಹೋದ ಅನ್‌ಇನ್‌ಸ್ಟಾಲರ್ ಸರಿಯಾದ ಮೇಲೆ ಮತ್ತೆ 5ನೆಯ ಹಂತದಿಂದ ಬರುವುದು. ವಿಚಿತ್ರವೆನಿಸಿದರೂ ಇದು ಬಹಳ ಸಲ ಫಲ ಕೊಡುತ್ತದೆ.

9. ಉಳಿಕೆಗಳು

ಇಂಟರ್ನೆಟ್ ನಿಂತುಹೋಗಿದ್ದರೆ ಇಲ್ಲಿಂದ ಶುರುಮಾಡಿ. ಪರಿಚಿತರೊಬ್ಬರ ಲ್ಯಾಪ್‌ಟಾಪಿನಲ್ಲಿ ವೈಫೈ ಗುರುತು ಪೂರ್ತಿ ತುಂಬಿದ್ದರೂ ಒಂದು ಪುಟವೂ ತೆರೆಯುತ್ತಿರಲಿಲ್ಲ. ಅವರು ಫೋಲ್ಡರನ್ನು ಕೈಯಿಂದ ಅಳಿಸಿದ್ದರು. ಕಂಟ್ರೋಲ್ ಪ್ಯಾನೆಲಿನ ನೆಟ್‌ವರ್ಕ್ ಕನೆಕ್ಷನ್ಸ್‌ನಲ್ಲಿ ವೈಫೈ ಮೇಲೆ ಬಲಗುಂಡಿ ಒತ್ತಿ ಪ್ರಾಪರ್ಟೀಸ್ ತೆರೆದಾಗ, ಪಟ್ಟಿಯಲ್ಲಿ ಆ ಆಂಟಿವೈರಸ್ಸಿನ ಹೆಸರಿನ ನೆಟ್‌ವರ್ಕ್ ಫಿಲ್ಟರ್ ಇನ್ನೂ ಗುರುತು ಹಾಕಿಕೊಂಡು ಕುಳಿತಿತ್ತು. ಅದನ್ನು ಆರಿಸಿ ಅನ್‌ಇನ್‌ಸ್ಟಾಲ್ ಒತ್ತಿ ರೀಸ್ಟಾರ್ಟ್ ಮಾಡಿದೊಡನೆ ಪುಟಗಳು ತೆರೆದುಕೊಂಡವು. ಅದೇ ಪಟ್ಟಿಯಲ್ಲಿ ಮೈಕ್ರೋಸಾಫ್ಟ್ ಅಥವಾ ಇಂಟರ್ನೆಟ್ ಪ್ರೋಟೋಕಾಲ್ ಎಂದು ಆರಂಭವಾಗುವ ಯಾವುದನ್ನೂ ಮುಟ್ಟಬೇಡಿ.

ಬ್ರೌಸರಿನ ಎಕ್ಸ್‌ಟೆನ್ಷನ್‌ಗಳನ್ನೂ ಹುಡುಕು ಯಂತ್ರದ ಸೆಟ್ಟಿಂಗನ್ನೂ ಒಮ್ಮೆ ನೋಡಿ, ಬೇಡವಾದದ್ದನ್ನು ತೆಗೆಯಿರಿ. ಸಿ ಡ್ರೈವಿನ ಪ್ರೋಗ್ರಾಂ ಫೈಲ್ಸ್ ಮತ್ತು ಅಡಗಿರುವ ಪ್ರೋಗ್ರಾಂಡೇಟಾ ಫೋಲ್ಡರುಗಳಲ್ಲಿ ಕಂಪನಿಯ ಹೆಸರಿನ ಖಾಲಿ ಫೋಲ್ಡರ್ ಉಳಿದಿದ್ದರೆ ಈಗ ಅಳಿಸಬಹುದು, ಡ್ರೈವರ್ ಹೋಗಿರುವುದರಿಂದ ಅಪಾಯವಿಲ್ಲ.

10. ಇನ್ನೂ ಎಚ್ಚರಿಕೆ ಬರುತ್ತಿದ್ದರೆ

ನಿಮ್ಮ ಚಂದಾ ಮುಗಿದಿದೆ, ಕಂಪ್ಯೂಟರಿನಲ್ಲಿ ವೈರಸ್ಸುಗಳಿವೆ ಎಂದು ಕಂಪನಿಯ ಲಾಂಛನದೊಡನೆ ಬಲಮೂಲೆಯಲ್ಲಿ ತೇಲಿಬರುವ ಸೂಚನೆಗಳಿಗೂ ನೀವು ತೆಗೆದ ಆಂಟಿವೈರಸ್ಸಿಗೂ ಬಹಳಷ್ಟು ಸಲ ಸಂಬಂಧವೇ ಇರುವುದಿಲ್ಲ. ಎಂದೋ ಯಾವುದೋ ಸಿನಿಮಾ ತಾಣದಲ್ಲಿ ಅಲೋ ಎಂಬ ಗುಂಡಿ ಒತ್ತಿದ್ದರ ಫಲ ಅದು: ಆ ತಾಣಕ್ಕೆ ನಿಮ್ಮ ಪರದೆಯ ಮೇಲೆ ಸೂಚನೆ ತೋರಿಸುವ ಅನುಮತಿ ಸಿಕ್ಕಿದೆ. ಸೂಚನೆಯ ಮೇಲಂಚನ್ನೋ ಕೆಳಸಾಲನ್ನೋ ಗಮನಿಸಿ ನೋಡಿ. ಕ್ರೋಮ್ ಅಥವಾ ಎಡ್ಜ್ ಎಂಬ ಹೆಸರೂ, ಓದಲಾಗದ ಯಾವುದೋ ಜಾಲತಾಣದ ವಿಳಾಸವೂ ಕಾಣುತ್ತದೆ. ಬ್ರೌಸರಿನ ಸೆಟ್ಟಿಂಗ್ಸ್‌ನಲ್ಲಿ ಪ್ರೈವೆಸಿ, ಸೈಟ್ ಸೆಟ್ಟಿಂಗ್ಸ್, ನೋಟಿಫಿಕೇಶನ್ಸ್ ತನಕ ಹೋಗಿ ಆ ವಿಳಾಸವನ್ನು ಅಳಿಸಿದರೆ ಸೂಚನೆಗಳು ನಿಲ್ಲುತ್ತವೆ. ಅದರಲ್ಲಿರುವ ಫೋನ್ ಸಂಖ್ಯೆಗೆ ಕರೆ ಮಾಡಬೇಡಿ, ಸರಿಪಡಿಸುತ್ತೇವೆಂದು ಎನಿಡೆಸ್ಕ್‌ನಂತಹ, ದೂರದಿಂದಲೇ ಕಂಪ್ಯೂಟರ್ ನಡೆಸುವ ಆ್ಯಪ್ ಹಾಕಿಸುವವರಿಗೆ ಪರದೆಯನ್ನು ಒಪ್ಪಿಸಬೇಡಿ.

ತೆಗೆದ ಮೇಲಿನ ಕಾವಲು

ಬೇರೆ ಆಂಟಿವೈರಸ್ ಹೋದೊಡನೆ ವಿಂಡೋಸಿನ ಸ್ವಂತದ ಡಿಫೆಂಡರ್ ತಾನಾಗಿ ಎದ್ದು ನಿಲ್ಲುತ್ತದೆ. ಏಳದಿದ್ದರೆ 7ನೆಯ ಹಂತಕ್ಕೆ ಮರಳಿ. ಹಳೆಯದು ಪೂರ್ತಿ ಹೋಗಿಲ್ಲದಿರುವುದೇ ಅದಕ್ಕೆ ಸಾಮಾನ್ಯ ಕಾರಣ. ಡಿಫೆಂಡರನ್ನೂ ತೆಗೆಯಬಹುದೇ ಎಂದು ಕೇಳುವವರಿಗೆ ಉತ್ತರ: ಆಗುವುದಿಲ್ಲ. ಅದು ಮನೆಬಳಕೆಯ ವಿಂಡೋಸಿನ ಭಾಗ; ರಿಯಲ್ ಟೈಮ್ ರಕ್ಷಣೆಯನ್ನು ಆಫ್ ಮಾಡಿದರೂ ಸ್ವಲ್ಪ ಹೊತ್ತಿನ ಬಳಿಕ ತಾನೇ ಆನ್ ಆಗುತ್ತದೆ, ರಿಜಿಸ್ಟ್ರಿಯ ಮೂಲಕ ಅದನ್ನು ಮಲಗಿಸುತ್ತಿದ್ದ ಹಳೆಯ ಉಪಾಯವನ್ನು ಮೈಕ್ರೋಸಾಫ್ಟ್ 2020ರಲ್ಲೇ ಮುಚ್ಚಿದೆ. ವಿಂಡೋಸ್ 10 ಬಳಸುವವರು ಮಾತ್ರ ಇನ್ನೊಂದನ್ನು ನೆನಪಿಡಬೇಕು: ಅದಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದ್ದು, ವಿಂಡೋಸಿನಲ್ಲೇ ಇರುವ ತೂತುಗಳನ್ನು ಯಾವ ಆಂಟಿವೈರಸ್ಸೂ ಪೂರ್ತಿಯಾಗಿ ಮುಚ್ಚಲಾರದು.

ಮ್ಯಾಕ್ ಉಳ್ಳವರಿಗೆ ಒಂದೇ ಮಾತು: ಆ್ಯಪನ್ನು ಟ್ರ್ಯಾಶಿಗೆ ಎಳೆದುಹಾಕಿದರೆ ಸಾಲದು, ಆಂಟಿವೈರಸ್ಸಿನ ಮೆನುವಿನಲ್ಲಿಯೇ ಇರುವ ಅಥವಾ ಕಂಪನಿ ಪ್ರತ್ಯೇಕವಾಗಿ ಕೊಡುವ ಅನ್‌ಇನ್‌ಸ್ಟಾಲರನ್ನೇ ಬಳಸಬೇಕು.

ಇನ್ನು, ಹಳೆಯದನ್ನು ತೆಗೆದು ಬೇರೆ ಕಂಪನಿಯದನ್ನು ಹಾಕುವವರು ಹೊಸದರ ಕಡತವನ್ನು ಮೊದಲೇ ಇಳಿಸಿಟ್ಟುಕೊಂಡು, 7ನೆಯ ಹಂತದ ಎರಡೂ ಪರೀಕ್ಷೆಗಳು ಸರಿಬಂದ ಮೇಲಷ್ಟೇ ಅದನ್ನು ಹಾಕಲಿ. ನಡುವಿನ ಅವಧಿಯಲ್ಲಿ ಡಿಫೆಂಡರ್ ಕಾಯುತ್ತಿರುವುದರಿಂದ ಅವಸರಕ್ಕೆ ಕಾರಣವಿಲ್ಲ.